ಎಂಟನೇ ತಿಂಗಳಲ್ಲಿ ಬಂದ ಬೀಗಿತ್ತಿ

ಅಮೃತ ಬಚ್ಚಲಿನಿಂದ ಹೊರಗೆ ಬಂದು ಗೋಡೆ ಹಿಡಿದು ನಿಂತಾಗ ನಾನು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅವಳು ನನ್ನ ಮೊಮ್ಮಗ ಸಂತೋಷನ ಹೆಂಡತಿ. ಚೊಚ್ಚಲ ಬಸುರಿ, ಎಂಟನೇ ತಿಂಗಳು ಹಿಡಿದು ಆರು ದಿನವಾಗಿತ್ತು. ಕೊತ್ತತ್ತಿಯ ನಮ್ಮ ಮನೆಯಲ್ಲಿ ಹೆಂಗಸರು ಅಂತ ಇರುವುದು ನಾವಿಬ್ಬರೇ. ಅವಳ ಅತ್ತೆ, ಅಂದರೆ ನನ್ನ ಸೊಸೆ, ತೀರಿಕೊಂಡು ನಾಲ್ಕು ವರ್ಷವಾಯಿತು.

"ಅಜ್ಜಿ, ಒಸಿ ಒಳೀಕ್ ಬನ್ನಿ" ಅಂದಳು.

ಹೋದೆ. ಬಚ್ಚಲ ಕಲ್ಲಿನ ಮೇಲೆ ರಕ್ತವಿತ್ತು. ಅಂಗೈ ಅಗಲ ಇರಬಹುದು, ಕೆಂಪಗೆ, ಹೊಸದು.

"ನೋವದಾ?"

"ಇಲ್ಲ ಅಜ್ಜಿ. ಒಂಚೂರೂ ಇಲ್ಲ."

"ಮಗ ಮಿಸುಕ್ತದಾ?"

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. "ಹೂಂ, ಒದೀತಾ ಅದೆ" ಅಂದಳು.

ನಾನು ಮೂವತ್ತೈದು ವರ್ಷ ಸೂಲಗಿತ್ತಿಯಾಗಿದ್ದವಳು. ಎಲ್ಲರೂ ಆಸ್ಪತ್ರೆಗೆ ಹೋಗುವುದು ಕಲಿತ ಮೇಲೆ ಬಿಟ್ಟೆ. ನೋವಿನ ಜೊತೆ ಬರುವ ರಕ್ತ ನನಗೆ ಹೊಸದಲ್ಲ. ನೋವಿಲ್ಲದೆ ಬರುವ ರಕ್ತ ಕಂಡರೆ ಆಗಲೂ ಹೆದರಿಕೆ, ಈಗಲೂ ಹೆದರಿಕೆ. ಅವಳನ್ನು ಮಂಚದ ಮೇಲೆ ಎಡಮಗ್ಗುಲಿಗೆ ಮಲಗಿಸಿ ನನ್ನ ಮಗ ಪುಟ್ಟಸ್ವಾಮಿಯನ್ನು ಕೊಟ್ಟಿಗೆಯಿಂದ ಕೂಗಿದೆ.

"ಆಂಬುಲೆನ್ಸಿಗೆ ಫೋನ್ ಮಾಡು ಕಣ್ಲಾ."

ಅವನು ಕೈಯಲ್ಲಿದ್ದ ಹುಲ್ಲಿನ ಹೊರೆಯನ್ನು ಕೆಳಗಿಡುವುದನ್ನೂ ಮರೆತು ನಿಂತ. "ಎಂಟ್ನೇ ತಿಂಗ್ಳಲ್ಲಿ ಬಸ್ರಿ ವಸ್ಲು ದಾಟಬಾರ್ದು ಅಂತ ನೀನೇ ಯೋಳ್ತಿದ್ದೆಲ್ಲವ್ವ."

"ಯೋಳ್ತಿದ್ದೆ. ಈಗ ದಾಟ್ಸು ಅಂತ್ಲೂ ನಾನೇ ಯೋಳ್ತಾ ಇವ್ನಿ. ಉಲ್ಲು ಕೆಳೀಕ್ ಆಕು ಮೊದ್ಲು."

ಮಂಡ್ಯದ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಸಂತೋಷ ಸಕ್ಕರೆ ಕಾರ್ಖಾನೆಯ ಕೆಲಸದಿಂದ ನೇರವಾಗಿ ಅಲ್ಲಿಗೇ ಬಂದ. ಮೈಮೇಲೆಲ್ಲ ಕಬ್ಬಿನ ಹಾಲಿನ ವಾಸನೆ. ಶಾಲಿನಿ ಅಂತ ಒಬ್ಬರು ಡಾಕ್ಟರು, ಚಿಕ್ಕ ವಯಸ್ಸಿನವರು. ಸ್ಕ್ಯಾನು ಮಾಡಿಸಿದರು, ರಕ್ತ ತೆಗೆದು ನೋಡಿದರು, ಮಗುವಿನ ಎದೆಬಡಿತವನ್ನು ನಮಗೂ ಕೇಳಿಸಿದರು. ಕುದುರೆ ಓಡುವ ಹಾಗೆ ಕೇಳಿಸಿತು. ಸಂತೋಷ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಡಾಕ್ಟರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಅಜ್ಜಿ, ಪ್ಲಾಸೆಂಟಾ, ಅಂದರೆ ಮಾಸು, ಮೇಲಿದೆ, ಗರ್ಭದ ಬಾಯಿಗೆ ಅಡ್ಡ ಇಲ್ಲ. ಗೋಡೆ ಬಿಟ್ಟು ಕಿತ್ತುಕೊಂಡ ಹಾಗೂ ಕಾಣಿಸ್ತಿಲ್ಲ. ಬೇರೆ ಗಾಯ ಏನೂ ಇಲ್ಲ. ಮಗು ಚೆನ್ನಾಗಿದೆ."

"ಅಂಗಾರೆ ನೆತ್ರು ಯಾಕ್ ಬಂತವ್ವ?"

"ಗೊತ್ತಿಲ್ಲ ಅಜ್ಜಿ. ಎಷ್ಟೋ ಜನಕ್ಕೆ ಹೀಗಾಗುತ್ತೆ, ಎಲ್ಲಾ ನೋಡಿದರೂ ಕಾರಣ ಸಿಗೋದಿಲ್ಲ. ಆದರೆ ಕಾರಣ ಸಿಗಲಿಲ್ಲ ಅಂದರೆ ಅಪಾಯ ಇಲ್ಲ ಅಂತ ಅಲ್ಲ. ಮತ್ತೆ ಬರಬಹುದು. ಅದಕ್ಕೇ ಕಣ್ಣಿಟ್ಟಿರಬೇಕು."

ನನಗೆ ಆ ಹುಡುಗಿ ಅಲ್ಲಿಯೇ ಹಿಡಿಸಿಬಿಟ್ಟಳು. ಅಂಥ ಜಾಗದಲ್ಲಿ ಕೂತು, ಎದುರಿಗೆ ನಾಲ್ಕು ಜನ ಬಾಯಿ ನೋಡುತ್ತಿರುವಾಗ, ಗೊತ್ತಿಲ್ಲ ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಸೂಜಿ ಹಾಕಿದರು. ನಾಲ್ಕು ದಿನ ಇಟ್ಟುಕೊಂಡರು. ರಕ್ತ ನಿಂತಿತು. ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟು: ಭಾರ ಎತ್ತಬೇಡಿ, ಗಂಡ ಹೆಂಡತಿ ದೂರ ಇರಿ, ಮಗುವಿನ ಮಿಸುಕಾಟ ದಿನವೂ ಗಮನಿಸಿ, ಒಂದು ತೊಟ್ಟು ರಕ್ತ ಕಂಡರೂ ಹೊತ್ತು ನೋಡದೆ ಬನ್ನಿ. ಆಮೇಲೆ ನನ್ನ ಕಡೆ ತಿರುಗಿ, "ಮನೇಲಿ ಯಾರೂ ಕೈ ಹಾಕಿ ಪರೀಕ್ಷೆ ಮಾಡಬಾರದು" ಅಂದರು. ನಾನು ಸೂಲಗಿತ್ತಿ ಅಂತ ಅವರಿಗೆ ಯಾರೋ ಹೇಳಿರಬೇಕು. ನಾನು ತಲೆಯಾಡಿಸಿದೆ.

ಅಮೃತಳ ತಾಯಿ ಮಂಗಳಮ್ಮ ಮೊದಲ ದಿನವೇ ಶಿವನಸಮುದ್ರದಿಂದ ಮಳವಳ್ಳಿ ಬಸ್ಸು ಹತ್ತಿ ಬಂದಿದ್ದಳು. ಅವಳ ಗಂಡ ಅಲ್ಲಿ ಕರೆಂಟು ತಯಾರಾಗುವ ಕಡೆ ಕೆಲಸದಲ್ಲಿದ್ದು ನಿವೃತ್ತಿಯಾದವನು. ಗಟ್ಟಿ ಹೆಂಗಸು. ಮಗಳನ್ನು ಕರೆದುಕೊಂಡು ಹೋಗುತ್ತೇನೆ ಅಂತ ಒಂದೇ ಹಟ. ಆದರೆ ಎಂಟನೇ ತಿಂಗಳಲ್ಲಿ ಬಸುರಿಯನ್ನು ತವರಿಗೆ ಕರೆದೊಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಏಳರಲ್ಲಿ, ಇಲ್ಲವೆಂದರೆ ಒಂಬತ್ತರಲ್ಲಿ. ಅದು ಅವಳಿಗೂ ಗೊತ್ತು. ಡಾಕ್ಟರೂ ಅಷ್ಟು ದೂರ ಬೇಡ, ಆಸ್ಪತ್ರೆಗೆ ಹತ್ತಿರ ಇರಲಿ ಅಂದರು. ಮಂಗಳಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಯೋಚನೆ ಮಾಡಿ, "ಅಂಗಾರೆ ನಾನೇ ಬತ್ತೀನಿ" ಅಂದಳು.

ಹೆಣ್ಣು ಕೊಟ್ಟ ತಾಯಿ ಬೀಗರ ಮನೆಯಲ್ಲಿ ಬಂದು ಬೀಡುಬಿಡುವುದನ್ನು ಕೊತ್ತತ್ತಿಯಲ್ಲಿ ನಾನು ಕಂಡಿರಲಿಲ್ಲ. ಹಬ್ಬಕ್ಕೆ ಬಂದರೆ ಊಟ ಮಾಡಿ ಸಂಜೆ ಬಸ್ಸಿಗೆ ಹೊರಡುವುದು ವಾಡಿಕೆ. ಮಂಗಳಮ್ಮ ಒಂದು ಟ್ರಂಕು, ಒಂದು ಚಾಪೆ, ಅರ್ಧ ಮೂಟೆ ಅಕ್ಕಿಯ ಸಮೇತ ಆಟೋದಿಂದ ಇಳಿದಳು.

"ಅಕ್ಕಿ ಯಾಕವ್ವ?" ಅಂದೆ.

"ಬೀಗ್ರ ಮನೆ ಅನ್ನ ತಿಂದ್ಕೊಂಡು ಬಿದ್ದವ್ಳೆ ಅನ್ನಿಸ್ಕೋಬಾರ್ದಲ್ಲ."

"ನೀರೂ ತಂದಿದ್ದೀಯೋ, ಇಲ್ಲ ನಮ್ಮನೇದು ಕುಡೀತೀಯೋ?"

"ನಿಮ್ ನಾಲೇಲಿ ಅರಿಯೋದೂ ಕಾವೇರಿನೇ ಅಲ್ವಾ. ನೀವು ಕುಡ್ದು ಬುಟ್ಟಿದ್ದೇ ಕೆಳಗೆ ನಮ್ಗೆ ಬರೋದು. ಅದ್ನ ಇಲ್ಲೇ ಒಸಿ ಮುಂಚೆ ಕುಡೀತೀನಿ, ಬುಡಿ."

ಪಾಪ, ಪುಟ್ಟಸ್ವಾಮಿಯ ಪಾಡು ಬೇಡ. ಬೀಗಿತ್ತಿಯ ಎದುರಿಗೆ ಬನಿಯನ್ನಿನಲ್ಲಿ ಓಡಾಡುವ ಹಾಗಿಲ್ಲ, ಜೋರಾಗಿ ಕೆಮ್ಮುವ ಹಾಗಿಲ್ಲ. ಅವನು ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿಕೊಂಡು ಹಾಲು ಕರೆಯುತ್ತಿದ್ದ. ಅವನಿದ್ದರೆ ಅವಳು ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ, ಅವಳಿದ್ದರೆ ಅವನು ಊಟಕ್ಕೆ ಕೂರುತ್ತಿರಲಿಲ್ಲ. ಮುದ್ದೆ ಆರಿ ಕಲ್ಲಾಗುತ್ತಿತ್ತು. ಕೊನೆಗೆ ನಾನೇ ಹೇಳಿದೆ: "ನೋಡ್ರಪ್ಪ, ಇಬ್ರೂ ಇಂಗೆ ಮರ್ವಾದೆ ಮಾಡ್ಕೊಂಡು ಕೂತ್ರೆ ಬಸ್ರಿಗಿಂತ ಮುಂಚೆ ನಾನೇ ಆಸ್ಪತ್ರೆ ಸೇರ್ತೀನಿ." ಮಂಚದ ಮೇಲಿಂದ ಅಮೃತ ನಕ್ಕಳು. ಮನೆಗೆ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮಂಗಳಮ್ಮನ ಕೈಯಲ್ಲಿ ಮನೆ ಲಕಲಕ ಅನ್ನತೊಡಗಿತು. ಮಗಳ ತಲೆಗೆ ಎಣ್ಣೆ ಹಚ್ಚುವುದೇನು, ಸೊಪ್ಪಿನ ಸಾರು ಕುಡಿಸುವುದೇನು, ಅಂಗಾಲು ನೀವುವುದೇನು. ಆದರೆ ಅವಳ ಮನಸ್ಸಿಗೆ ಒಂದು ಮುಳ್ಳು ನೆಟ್ಟಿತ್ತು. ಕಾರಣವಿಲ್ಲದೆ ರಕ್ತ ಬರುವುದುಂಟೇ? ಡಾಕ್ಟರಿಗೆ ಸಿಗದಿದ್ದರೆ ನಾನು ಹುಡುಕುತ್ತೇನೆ ಅಂತ ಶುರು ಮಾಡಿದಳು. ತಲೆ ಬಾಚುತ್ತಾ ಬಾಚುತ್ತಾ ಕೇಳುವಳು.

"ಪರಂಗಿ ಅಣ್ಣು ತಿಂದ್ಯಾ?"

"ಇಲ್ಲಮ್ಮ."

"ಸಂಕ್ರಾಂತೀಲಿ ಎಳ್ಳು?"

"ಎಲ್ರೂ ತಿಂದ್ರು, ನಾನೂ ಒಂದ್ ಚಿಟಿಕೆ ತಿಂದೆ."

"ನೋಡುದ್ಯಾ. ಉಷ್ಣ. ಮತ್ತೆ, ಇವ್ನ ಜೊತೆ ಗಾಡೀಲಿ ಮುತ್ತತ್ತಿಗೆ ಓಗಿದ್ಯಂತಲ್ಲ?"

ಹೋಗಿದ್ದರು. ಆರನೇ ತಿಂಗಳಲ್ಲಿ, ಆಂಜನೇಯನಿಗೆ ಹರಕೆ ಇತ್ತು ಅಂತ. ಈ ಪ್ರಶ್ನೆ ಕೇಳಿದ ದಿನದಿಂದ ಸಂತೋಷ ತನ್ನ ಮೋಟಾರು ಬೈಕನ್ನು ಮುಟ್ಟಲಿಲ್ಲ. ಬಸ್ಸಿನಲ್ಲಿ ಕೆಲಸಕ್ಕೆ ಹೋಗತೊಡಗಿದ. ಒಂದು ಸಂಜೆ ನನ್ನ ಹತ್ತಿರ ಬಂದು ಮೆಲ್ಲಗೆ, "ಅಜ್ಜಿ, ಕಾಡ್ ದಾರೀಲಿ ಒಂದ್ ಗುಂಡಿ ಜೋರಾಗಿ ಎತ್ತಾಕ್ತು. ಅದ್ಕೇ ಇರ್ಬೋದಾ?" ಅಂದ. ಪುಟ್ಟಸ್ವಾಮಿಗೆ ಬೇರೆಯೇ ಯೋಚನೆ. ಬಸುರಿ ಇರುವ ಮನೆಯಲ್ಲಿ ನೆಲ ಅಗೆಯಬಾರದು ಅನ್ನುತ್ತಾರೆ. ಅವನು ಕೊಟ್ಟಿಗೆಗೆ ಹೊಸ ಕಂಬ ನೆಟ್ಟಿದ್ದ. ಯಾರಿಗೂ ಹೇಳದೆ ಆ ಕಂಬವನ್ನು ಕಿತ್ತುಹಾಕಿದ. ಅವತ್ತಿನಿಂದ ಕೊಟ್ಟಿಗೆಯ ಸೂರು ಒಂದು ಕಡೆ ಜೋತುಬಿತ್ತು.

ನಾನು ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಅವರವರ ಸಂಕಟ, ಹೇಳಿಕೊಂಡು ಹಗುರಾಗಲಿ ಅಂದುಕೊಂಡೆ. ಅಮೃತಳ ಮುಖವನ್ನು ನಾನು ಇನ್ನೂ ಚೆನ್ನಾಗಿ ನೋಡಬೇಕಿತ್ತು. ಅವಳು ಪಂಚಾಯಿತಿ ಆಫೀಸಿನಲ್ಲಿ ಕಂಪ್ಯೂಟರು ಕೆಲಸ ಮಾಡುವ ಹುಡುಗಿ, ಪಟಪಟ ಮಾತಾಡುವವಳು. ಈಗ ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ನೀರು ಕುಡಿಯಲು ಎದ್ದರೂ ಅಮ್ಮ ನೋಡುತ್ತಿದ್ದಾಳೋ ಅಂತ ಒಮ್ಮೆ ತಿರುಗಿ ನೋಡುವಳು.

ಆಸ್ಪತ್ರೆಯಿಂದ ಬಂದ ಹನ್ನೆರಡನೇ ದಿನ. ಬೆಳಗಿನ ಹತ್ತು ಗಂಟೆ ಇರಬಹುದು. ಗಂಡಸರು ಮನೆಯಲ್ಲಿರಲಿಲ್ಲ. ಹಿತ್ತಲ ತಂತಿಯ ಮೇಲೆ ಒಂದು ಒದ್ದೆ ಲಂಗ ನೇತಾಡುತ್ತಿತ್ತು. ಮಂಗಳಮ್ಮ ಒಗೆದಿರಬೇಕು ಅಂದುಕೊಂಡು ನಾನು ಒಳಗೆ ಬಂದೆ.

ಅವಳು ಮಗಳ ಕಾಲ ಹತ್ತಿರ ಕೂತಿದ್ದಳು. ನನ್ನನ್ನು ಕಂಡದ್ದೇ, "ಅವ್ವ, ಒಂದ್ ಮಾತು" ಅಂದಳು. "ಊರ್ಗೆಲ್ಲ ಎರಿಗೆ ಮಾಡ್ಸಿರೋ ಕೈ ನಿಮ್ದು. ಮಿಸೀನ್‌ಗೆ ಕಾಣ್ದಿದ್ದು ಬೆರಳ್ಗೆ ಕಾಣ್ತದೆ. ನೀವೇ ಒಂದ್ಸಲ ಕೈಯಾಕಿ ನೋಡ್ಬುಡಿ. ಏನದೆ ಒಳ್ಗೆ ಅಂತ ಗೊತ್ತಾಗ್ಲಿ. ಈ ಉಡುಗಿ ಏನ್ ಮಾಡ್ಕೊಂಡ್ಳು ಅಂತನಾರಾ ಗೊತ್ತಾಗ್ಲಿ."

"ಇಲ್ಲ ಕಣವ್ವ. ನಾನು ಕೈಯಾಕಲ್ಲ."

"ಡಾಕ್ಟರು ಯೋಳುದ್ರು ಅಂತ್ಲಾ?"

"ಅವ್ರು ಯೋಳ್ದೆ ಇದ್ರೂ ಆಕ್ತಿರ್ಲಿಲ್ಲ."

ಅವಳು ಬಿಡಲಿಲ್ಲ. "ಯಾಕವ್ವ? ನಿಮ್ ಮೊಮ್ಮಗನ್ ಮಗ ಅಲ್ವಾ?"

ನಾನು ಮಂಚದ ಅಂಚಿಗೆ ಕೂತೆ. ಯಾರಿಗೂ ಹೇಳದ ಮಾತು ಅದು. ನನ್ನ ಗಂಡನಿಗೂ ಹೇಳಿರಲಿಲ್ಲ.

"ಮಲ್ಲಿಗಮ್ಮ ಅಂತ ನಂಗೊಬ್ಳು ನಾದಿನಿ ಇದ್ಳು" ಅಂತ ಶುರು ಮಾಡಿದೆ. "ನಲ್ವತ್ತೆರಡು ವರ್ಸ ಆಯ್ತು. ಎರಿಗೆಗೆ ಅಂತ ಈ ಮನೇಗೇ ಬಂದಿದ್ಳು. ಇಂಗೇ, ನೋವಿಲ್ದೆ ನೆತ್ರು ಕಾಣುಸ್ತು. ನಾನು ಅಷ್ಟೊತ್ಗೆ ಅರವತ್ತು ಎರಿಗೆ ಮಾಡ್ಸಿದ್ದೆ. ನಂಗೆಲ್ಲಾ ಗೊತ್ತು ಅಂತ ಕೊಬ್ಬು. ನಮ್ಮತ್ತೆ ನೋಡು ಅಂದ್ರು, ಕೈಯಾಕ್ದೆ. ಮೆತ್ತಗೆ ಏನೋ ತಾಕ್ತು. ಅಷ್ಟೇ. ತೂಬು ಎತ್ತುದಂಗೆ ನುಗ್ತು ನೆತ್ರು. ಮಾಸು ಬಾಯಿಗಡ್ಡ ಕೂತಿತ್ತು, ಅದ್ನ ನಾನು ಬೆರಳಲ್ಲಿ ಕೆದ್ಕಿದ್ದೆ. ಅಂಗಂತ ನಂಗೊತ್ತಾಗಿದ್ದು ಸರ್ಕಾರ್ದೋರು ಸೂಲಗಿತ್ತೀರ್ನೆಲ್ಲ ಕರೆದು ಪಾಠ ಯೋಳಿದ್ ಮೇಲೆ, ಏಳೆಂಟು ವರ್ಸಕ್ಕೆ."

ಮಂಗಳಮ್ಮನ ಕೈ ಮಗಳ ಕಾಲಿನ ಮೇಲೆ ನಿಂತುಹೋಗಿತ್ತು.

"ಗಾಡಿ ಕಟ್ಕೊಂಡು ಮಂಡ್ಯಕ್ಕೆ ಓದೋ. ಅವ್ಳು ಉಳುದ್ಳು. ಮಗ ಉಳೀಲಿಲ್ಲ. ಗಂಡು ಮಗ. ಆಮೇಕೆ ಎಲ್ರೂ ನನ್ನ ಕೇಳುದ್ರು, ಯಾಕಿಂಗಾಯ್ತು, ಯಾಕಿಂಗಾಯ್ತು ಅಂತ. ನನ್ ಕೈ ತಾಕಿದ್ ಮೇಲೇ ನುಗ್ತು ಅಂತ ಯೋಳಕ್ಕೆ ಧೈರ್ಯ ಇರ್ಲಿಲ್ಲ. ಗೊತ್ತಿಲ್ಲ ಅನ್ನಕ್ಕೂ ಬಾಯ್ ಬರ್ಲಿಲ್ಲ. ಅದ್ರ ಮುಂಚಿನ್ ದಿನ ಅವ್ಳು ಇತ್ತಾಳೆ ಬಿಂದಿಗೇಲಿ ನೀರು ಒತ್ತಿದ್ಳು. ಅದ್ಕೇ ಇಂಗಾಯ್ತು ಅಂದ್ಬುಟ್ಟೆ. ಎಲ್ರೂ ಒಪ್ಕೊಂಡ್ರು. ಕಾರಣ ಸಿಕ್ತಲ್ಲ."

ನಾನು ನೀರು ಕುಡಿದೆ. ಉಳಿದಿದ್ದನ್ನೂ ಹೇಳಬೇಕಿತ್ತು.

"ಅವ್ಳಿಗೆ ಆಮೇಕೆ ಮಕ್ಳಾಗ್ಲಿಲ್ಲ. ಎರಡು ವರ್ಸದ್ ಕೆಳಗೆ ತೀರ್ಕೊಂಡ್ಳು. ಸಾಯೋಗಂಟ ಆಡ್ಕೊಂಡ್ಳು, ಅತ್ತಿಗೆ, ಆ ಬಿಂದಿಗೆ ಎತ್ದೆ ಓಗಿದ್ರೆ ನನ್ ಮಗ ಇಷ್ಟೊತ್ಗೆ ಇಷ್ಟುದ್ದ ಇರೋನು ಅಂತ. ನಾನು ಪಕ್ದಲ್ಲೇ ಕೂತು ಕೇಳ್ಕೊಂಡೆ. ಬಾಯಿ ಬುಡ್ಲಿಲ್ಲ. ಇವತ್ತು ನಿಮ್ಮಿಬ್ರಿಗೆ ಯೋಳ್ತಾ ಇವ್ನಿ. ಅಮೃತ, ಕೇಳ್ಸ್ಕೋ ಮಗ. ಎಳ್ಳೂ ಇಲ್ಲ, ಗಾಡೀನೂ ಇಲ್ಲ, ಕಂಬಾನೂ ಇಲ್ಲ. ನೀನು ಏನೂ ಮಾಡ್ಲಿಲ್ಲ. ಬಂತು, ಅಷ್ಟೇ."

ಹೊರಗೆ ಕಬ್ಬಿನ ಟ್ರ್ಯಾಕ್ಟರು ಹೋದ ಸದ್ದು. ಆಮೇಲೆ ಅಮೃತ, ಗೋಡೆಯ ಕಡೆ ಮುಖ ಮಾಡಿದ್ದವಳು, ನನ್ನ ಕೈ ಹಿಡಿದುಕೊಂಡಳು.

"ಅಜ್ಜಿ, ಬೆಳಿಗ್ಗೆಯಿಂದ ಮತ್ತೆ ಕಾಣ್ತಾ ಅದೆ."

"ಎಷ್ಟೊತ್ತಿಂದ?"

"ಆರು ಗಂಟೆಯಿಂದ. ಲಂಗ ನಾನೇ ಒಗೆದು ಹಾಕ್ದೆ. ಮತ್ತೇನ್ ಮಾಡ್ಕೊಂಡೆ ಅಂತ ಅಮ್ಮ ಕೇಳ್ತಾಳೆ ಅಂತ..." ಅಷ್ಟು ಹೇಳಿ ತುಟಿ ಕಚ್ಚಿಕೊಂಡಳು. "ಮಗು ಮಿಸುಕೋದೂ ಕಮ್ಮಿ ಆಗಿದೆ ಅಜ್ಜಿ."

ತಂತಿಯ ಮೇಲಿನ ಲಂಗವನ್ನು ಮಂಗಳಮ್ಮನೂ ನೋಡಿದ್ದಳಂತೆ. ಅಜ್ಜಿ ಒಗೆದಿರಬೇಕು ಅಂದುಕೊಂಡಿದ್ದಳಂತೆ. ಆಗ ಅದನ್ನೆಲ್ಲ ಆಡಿಕೊಳ್ಳಲು ಹೊತ್ತಿರಲಿಲ್ಲ. ಆಂಬುಲೆನ್ಸು ಬೇರೆ ಕಡೆ ಹೋಗಿದೆ, ಅರ್ಧ ಗಂಟೆ ಆಗುತ್ತದೆ ಅಂದರು. ಬೀದಿಯ ಕೊನೆಯಲ್ಲಿ ಸಿದ್ದರಾಮು ಅನ್ನುವವನ ಓಮ್ನಿ ನಿಂತಿತ್ತು. ಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಗರ ಊರು ಅನ್ನುವುದನ್ನೂ ನೋಡದೆ ಬರಿಗಾಲಲ್ಲಿ ಓಡಿದಳು. ಅವನು ಸ್ನಾನಕ್ಕೆ ಹೊರಟಿದ್ದನಂತೆ. ಟವೆಲಿನಲ್ಲೇ ಗಾಡಿ ಹತ್ತಿಸಿಕೊಂಡು ಬಂದಳು.

ದಾರಿಯುದ್ದಕ್ಕೂ ಅಮೃತಳ ತಲೆ ಅವಳ ತಾಯಿಯ ತೊಡೆಯ ಮೇಲಿತ್ತು. ಮಂಗಳಮ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನಾನಿವ್ನಿ ಕಣ್ ಕೂಸೆ, ಇಲ್ಲೇ ಇವ್ನಿ" ಅಂತ ಮಂಡ್ಯ ಬರುವವರೆಗೂ ಹೇಳುತ್ತಿದ್ದಳು. ನಾನು ಬಲಗೈಯನ್ನು ಅಮೃತಳ ಹೊಟ್ಟೆಯ ಮೇಲೆ, ಸೀರೆಯ ಮೇಲಿಂದಲೇ ಇಟ್ಟುಕೊಂಡು ಕೂತಿದ್ದೆ. ಹೆದ್ದಾರಿ ಸೇರಿದ ಮೇಲೆ ಒಂದು ಸಲ ಒಳಗಿನಿಂದ ಮೆಲ್ಲಗೆ ತಟ್ಟಿದ ಹಾಗಾಯಿತು.

ಶಾಲಿನಿ ಡಾಕ್ಟರು ಬಾಗಿಲಲ್ಲೇ ಸಿಕ್ಕರು. ಮಗುವಿನ ಎದೆಬಡಿತ ಇಳಿಯುತ್ತಿದೆ, ಇನ್ನು ಕಾಯುವ ಹಾಗಿಲ್ಲ, ಆಪರೇಷನ್ ಮಾಡಿ ತೆಗೆಯುತ್ತೇವೆ ಅಂದರು. ಸಂತೋಷ ಓಡಿಬಂದು ಕಾಗದಕ್ಕೆ ಸಹಿ ಹಾಕಿದ. ನಾವು ಬೆಂಚಿನ ಮೇಲೆ ಕೂತೆವು. ಪುಟ್ಟಸ್ವಾಮಿ ಬಂದವನು ಬೀಗಿತ್ತಿಯ ಪಕ್ಕದಲ್ಲೇ, ಅದೇ ಬೆಂಚಿನ ಮೇಲೆ ಕೂತುಬಿಟ್ಟ. ಇಬ್ಬರಿಗೂ ಅದರ ಅರಿವಾಗಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ನರ್ಸು ಬಂದು, "ಹೆಣ್ಣು ಮಗು, ಎರಡು ಕೇಜಿಗೆ ನೂರು ಗ್ರಾಂ ಕಮ್ಮಿ. ತಾಯಿ ಚೆನ್ನಾಗಿದ್ದಾರೆ. ಮಗುವನ್ನ ಬಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ" ಅಂದಳು.

"ಅತ್ತಿತಾ?" ಅಂತ ನಾನು ಕೇಳಿದೆ. ಸೂಲಗಿತ್ತಿ ಮೊದಲು ಕೇಳುವುದು ಅದನ್ನೇ.

"ಮೊದಲು ಇಲ್ಲ. ಆಮೇಲೆ ಚೆನ್ನಾಗಿ ಅತ್ತಿತು."

ಸಂಜೆಯ ಹೊತ್ತಿಗೆ ಡಾಕ್ಟರು ಬಂದು ಇನ್ನೊಂದು ಮಾತು ಹೇಳಿದರು. ಆಪರೇಷನ್ನಿನಲ್ಲಿ ಮಾಸನ್ನು ತಿರುವಿ ತಿರುವಿ ನೋಡಿದರಂತೆ, ಏನೂ ಕಾಣಲಿಲ್ಲವಂತೆ. ರಕ್ತ ಯಾಕೆ ಬಂತು ಅನ್ನುವುದು ಈಗಲೂ ಗೊತ್ತಿಲ್ಲ. "ಬೇಗ ಕರೆದುಕೊಂಡು ಬಂದಿರಿ, ಅದು ಒಳ್ಳೇದಾಯ್ತು" ಅಂದರು. ಬೇಗ ಅನ್ನುವ ಮಾತಿಗೆ ಮಂಗಳಮ್ಮ ತಲೆ ತಗ್ಗಿಸಿದಳು. ಆರು ಗಂಟೆಯಿಂದ ಹತ್ತರವರೆಗೆ ಆ ಹುಡುಗಿ ಒಬ್ಬಳೇ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿದ್ದಳು.

ಮೂರನೇ ದಿನ ಮಳವಳ್ಳಿ ಕಡೆಯಿಂದ ನೆಂಟರು ಬಂದರು. ಅವರಲ್ಲೊಬ್ಬಳು, ಮಂಗಳಮ್ಮನ ವಾರಗಿತ್ತಿ, ಕಿತ್ತಳೆ ಹಣ್ಣಿನ ಚೀಲ ಕೆಳಗಿಡುವ ಮುಂಚೆಯೇ, "ಏನ್ ಮಾಡ್ಕೊಂಡ್ಳಂತೆ ಉಡುಗಿ? ಗಾಡೀಲಿ ಎಲ್ಲೋ ಓಗಿದ್ಳಂತಲ್ಲ" ಅಂದಳು.

ಅಮೃತ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು.

"ಏನೂ ಮಾಡ್ಕೊಳ್ಳಿಲ್ಲ ಕಣಕ್ಕ" ಅಂದಳು ಮಂಗಳಮ್ಮ. "ನೆತ್ರು ಬಂತು. ಯಾಕೆ ಅಂತ ಓದಿರೋ ಡಾಕ್ಟರ್‌ಗೇ ಗೊತ್ತಿಲ್ಲ. ನಿಂಗ್ ಗೊತ್ತಿದ್ರೆ ಓಗಿ ಅವ್ರಿಗೆ ಯೋಳ್ಬುಟ್ ಬಾ, ಪಾಪ, ಕಲ್ತ್ಕೊಳ್ಳಿ. ಇಲ್ದಿದ್ರೆ ಅಣ್ಣು ಸುಲುದ್ ಕೊಡು, ಉಡುಗಿ ತಿನ್ಲಿ."

ವಾರಗಿತ್ತಿ ಹಣ್ಣು ಸುಲಿದಳು.

ಆರನೇ ದಿನ ಮಗುವನ್ನು ಪೆಟ್ಟಿಗೆಯಿಂದ ತೆಗೆದರು. ಇನ್ನು ಮೈಬಿಸಿಯೇ ಔಷಧಿ, ದಿನದಲ್ಲಿ ಆದಷ್ಟು ಹೊತ್ತು ಬರೀ ಮೈಗೆ ಅವಚಿಕೊಂಡಿರಬೇಕು, ತಾಯಿಗೆ ಸುಸ್ತಾದಾಗ ಮನೆಯವರು ಯಾರಾದರೂ ಆಗಬಹುದು ಅಂತ ನರ್ಸು ಹೇಳಿಕೊಟ್ಟಳು. ಅಮೃತ ಮಧ್ಯಾಹ್ನದವರೆಗೆ ಇಟ್ಟುಕೊಂಡಿದ್ದಳು. ಹೊಲಿಗೆಯ ನೋವಿಗೆ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿತ್ತು. "ಅಜ್ಜಿ, ಒಸಿ ಹಿಡ್ಕೋತೀರಾ?" ಅಂದಳು.

ನಾನು ಹಿಂದೆ ಸರಿದೆ. "ನಿಮ್ಮವ್ವಂಗೆ ಕೊಡು. ನನ್ನೆದೇಲಿ ಏನದೆ, ಬರೀ ಮೂಳೆ."

"ಮೂಳೆ ಬೆಚ್ಚಗಿರಲ್ವಾ? ಹಿಡ್ಕೊಳಿ."

ನರ್ಸು ಪರದೆ ಎಳೆದು ನನ್ನ ಕುಪ್ಪಸ ಬಿಚ್ಚಿಸಿ ಕುರ್ಚಿಯಲ್ಲಿ ಒರಗಿಸಿ ಕೂರಿಸಿದಳು. ಮಗುವನ್ನು ನನ್ನ ಎದೆಯ ಮೇಲೆ, ಕಪ್ಪೆಯ ಹಾಗೆ ಕೈಕಾಲು ಮಡಿಚಿ ಮಲಗಿಸಿ ಮೇಲೆ ಬಟ್ಟೆ ಸುತ್ತಿದಳು. ಅದರ ತಲೆ ನನ್ನ ಅಂಗೈಗಿಂತ ಚಿಕ್ಕದು. ಇಷ್ಟು ವರ್ಷದಲ್ಲಿ ಎಷ್ಟು ಮಕ್ಕಳನ್ನು ಹಿಡಿದಿದ್ದೇನೋ ಲೆಕ್ಕವಿಲ್ಲ. ಹಿಡಿದದ್ದೇ ತೊಳೆದು, ಒರೆಸಿ, ಇನ್ನೊಬ್ಬರ ಕೈಗೆ ಕೊಟ್ಟುಬಿಡುತ್ತಿದ್ದೆ. ಹೀಗೆ ಸುಮ್ಮನೆ ಕೂತು ಇಟ್ಟುಕೊಂಡದ್ದಿಲ್ಲ. ಅದರ ಉಸಿರು ನನ್ನ ಕತ್ತಿಗೆ ತಾಕುತ್ತಿತ್ತು. ಅಮೃತ ನಿದ್ದೆ ಹೋದಳು, ಬಾಯಿ ಸ್ವಲ್ಪ ತೆರೆದುಕೊಂಡು.

ಮಂಗಳಮ್ಮ ಪರದೆಯ ಒಳಗೆ ತಲೆ ಹಾಕಿದಳು. "ಎಷ್ಟೊತ್ತಾಯ್ತು?"

"ಈಗ್ ತಾನೆ ಕೂತೆ."

"ಈಗ್ ತಾನೇನು, ಮುಕ್ಕಾಲ್ ಗಂಟೆ ಆಯ್ತು. ನಾನು ಗೋಡೆ ಗಡಿಯಾರ ನೋಡ್ಕೊಂಡೇ ಕೂತಿವ್ನಿ. ನನ್ ಸರದಿ, ಕೊಡಿ."

"ಮಲ್ಗದೆ ಕಣವ್ವ. ಏಳ್ಲಿ, ಕೊಡ್ತೀನಿ."

ಅವಳು ಸ್ಟೂಲು ಎಳೆದುಕೊಂಡು ನನ್ನ ಮಗ್ಗುಲಲ್ಲೇ ಕೂತಳು, ಕುಪ್ಪಸದ ಮೇಲಿನ ಎರಡು ಗುಂಡಿ ಆಗಲೇ ಬಿಚ್ಚಿಕೊಂಡು.